ಹೋಟೆಲಿಗೆ ಟ್ಯಾಬ್ ತಂದೆ, ಹುಡುಗರು ಬಳಸುತ್ತಿಲ್ಲ. ತಪ್ಪು ಯಾವ ಕಡೆ ಇದೆ?

ಮುಲುಂಡ್_ಗಲ್ಲೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ಮುಲುಂಡ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಹೋಟೆಲ್. 16 ಟೇಬಲ್, 6 ಜನ ಸಪ್ಲೈಯರ್, 2 ಕ್ಲೀನರ್, ಒಳಗೆ ಭಟ್ಟರು ಮತ್ತು ಅವರ ಕೈಕೆಳಗೆ 3 ಜನ. ನಾನು ಕುಂದಾಪುರ ಕಡೆಯವನು. 1986ರಲ್ಲಿ ಮುಂಬೈಗೆ ಬಂದೆ. ಹಗಲು ಕ್ಲೀನರ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆಮೇಲೆ ಸಪ್ಲೈಯರ್ ಆದೆ, ಈಗ 19 ವರ್ಷದಿಂದ ಸ್ವಂತ ಗಲ್ಲೆಯಲ್ಲಿ ಕೂತಿದ್ದೇನೆ.

ಈ ಸಲ ಮಳೆಗಾಲಕ್ಕೆ ಮೊದಲು ನಾಲ್ಕು ಟ್ಯಾಬ್ ತಗೊಂಡೆ. ಕಿಚನ್ನಿಗೆ ಒಂದು ದೊಡ್ಡ ಸ್ಕ್ರೀನ್ ಹಾಕಿಸಿದೆ. ಸಪ್ಲೈಯರ್ ಟೇಬಲ್ ಹತ್ತಿರವೇ ಟ್ಯಾಬಿನಲ್ಲಿ ಆರ್ಡರ್ ಒತ್ತಬೇಕು, ಅದು ಒಳಗಿನ ಸ್ಕ್ರೀನಿನಲ್ಲಿ ಕಾಣಬೇಕು, ಬಿಲ್ ತಾನಾಗಿ ಗಲ್ಲೆಗೆ ಬರಬೇಕು. ಕಂಪನಿಯವರು ತೋರಿಸಿದಾಗ ಬಹಳ ಚಂದ ಕಂಡಿತು.

ಮೂರು ತಿಂಗಳಾಯಿತು. ಹುಡುಗರು ಮೊದಲಿನ ಹಾಗೇ ಕಿಚನ್ ಕಿಟಕಿಯಲ್ಲಿ ನಿಂತು ಕೂಗಿ ಆರ್ಡರ್ ಹೇಳುತ್ತಾರೆ. ಗಿರಾಕಿ ಕೈ ತೊಳೆಯಲು ಎದ್ದ ಮೇಲೆ, ಬಿಲ್ ಬೇಕಲ್ಲ ಅಂತ, ಎಲ್ಲವನ್ನೂ ಒಟ್ಟಿಗೆ ಟ್ಯಾಬಿನಲ್ಲಿ ಒತ್ತುತ್ತಾರೆ. ಆಗ ಒಳಗಿನ ಸ್ಕ್ರೀನಿಗೆ ತಿಂದು ಮುಗಿದ ದೋಸೆಯ ಆರ್ಡರ್ ಬರುತ್ತದೆ! ಭಟ್ಟರಿಗೆ ಗೊತ್ತು, ಅವರು ಅತ್ತ ನೋಡುವುದೇ ಇಲ್ಲ. ಆದರೆ ಅವರ ಸಹಾಯಕರಲ್ಲಿ ಒಬ್ಬ ಹೊಸಬ. ಹೋದ ಭಾನುವಾರ ಭಟ್ಟರು ಊಟಕ್ಕೆ ಕೂತಾಗ ಅವನು ಸ್ಕ್ರೀನ್ ನಂಬಿ ಹೊಯ್ದ. 11 ದೋಸೆ ಉಳಿದವು.

ಬೈಯುವ ಮೊದಲು ನೋಡೋಣ ಅಂತ ಒಂದು ಬೆಳಿಗ್ಗೆ ಗಲ್ಲೆಯಲ್ಲಿ ಅಳಿಯನನ್ನು ಕೂರಿಸಿ ಕಿಟಕಿ ಪಕ್ಕ ನಿಂತೆ. ಬೆಳಿಗ್ಗೆ 9 ಗಂಟೆ ಅಂದರೆ ನಮ್ಮಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ನಮ್ಮ ಹಿರಿಯ ಸಪ್ಲೈಯರ್ 22 ವರ್ಷದ ಅನುಭವದವನು. ಎಡಗೈ ಮೇಲೆ ನಾಲ್ಕು ಪ್ಲೇಟ್, ಬಲಗೈಯಲ್ಲಿ ಸಾಂಬಾರಿನ ಬಕೆಟ್. ಕಿಟಕಿಗೆ ಬಂದು ನಿಲ್ಲುವುದೂ ಇಲ್ಲ. ನಡೆಯುತ್ತಲೇ ರಾಗವಾಗಿ ಹೇಳಿ ಹೋಗುತ್ತಾನೆ: "ಜೈನ್ ಮೈಸೂರು ಒಂದೂ, ಸಾದಾ ಎರಡೂ, ಒಂದು ಕಡಕ್!" ಭಟ್ಟರು ತಲೆ ಎತ್ತುವುದಿಲ್ಲ. "ಹೂಂ" ಅನ್ನುತ್ತಾರೆ, ಅಷ್ಟೇ. ನಮ್ಮ ಕಾವಲಿಯಲ್ಲಿ ಒಂದು ಸಲಕ್ಕೆ 8 ದೋಸೆ ಹಿಡಿಯುತ್ತದೆ. ಮೂವರು ಹುಡುಗರು ಹೇಳಿದ್ದನ್ನು ಮನಸ್ಸಲ್ಲೇ ಕೂಡಿಸಿ, ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಎಂಟನ್ನೂ ಒಂದೇ ಸಲ ಹೊಯ್ಯುತ್ತಾರೆ. ಜೈನ್ ದೋಸೆ ಯಾವಾಗಲೂ ಎಡಗಡೆಯ ಮೂಲೆಯಲ್ಲಿ. ಅದಕ್ಕೆ ಬಟಾಟೆ, ಈರುಳ್ಳಿ ಮುಟ್ಟದ ಬೇರೆ ಸಟ್ಟುಗ.

ಸ್ಕ್ರೀನ್ ಎಲ್ಲಿದೆ? ಅವರ ಬೆನ್ನ ಹಿಂದಿನ ಗೋಡೆಯಲ್ಲಿ. ಪ್ಲಗ್ ಪಾಯಿಂಟ್ ಅಲ್ಲಿತ್ತು ಅಂತ ಅಲ್ಲೇ ಹಾಕಿ ಹೋದರು. ಅದರಲ್ಲಿ ಬರುವುದೂ ಟೇಬಲ್ ಲೆಕ್ಕದಲ್ಲಿ: 4ನೇ ಟೇಬಲ್ಲಿಗೆ ಇಷ್ಟು, 9ನೇ ಟೇಬಲ್ಲಿಗೆ ಇಷ್ಟು. ಭಟ್ಟರಿಗೆ ಟೇಬಲ್ ಬೇಡ, ಒಟ್ಟು ಎಷ್ಟು ಸಾದಾ, ಎಷ್ಟು ಮಸಾಲಾ ಅನ್ನುವುದು ಬೇಕು.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. ಇದೇ ಹುಡುಗರು, ಯುಪಿಐ ದುಡ್ಡು ಬಂದರೆ ಬಾಯಿಬಿಟ್ಟು ಹೇಳುವ ಆ ಸಣ್ಣ ಡಬ್ಬಿಯನ್ನು ಒಂದೇ ದಿನದಲ್ಲಿ ಒಪ್ಪಿಕೊಂಡರು. ಯಾರೂ ಕಲಿಸಿ ಕೊಡಲಿಲ್ಲ. ನಾನು ಚಿಲ್ಲರೆ ಎಣಿಸುತ್ತಾ ಇರುತ್ತೇನೆ, ಅದು "140 ರೂಪಾಯಿ" ಅನ್ನುತ್ತದೆ, ನಾನು ತಲೆ ಆಡಿಸುತ್ತೇನೆ, ಗಿರಾಕಿ ಹೋಗುತ್ತಾನೆ. ಅದೂ ಮಷಿನ್, ಇದೂ ಮಷಿನ್. ಒಂದು ಕೂಡಲೇ ಕೂತಿತು, ಇನ್ನೊಂದು ಯಾಕೆ ಕೂರುತ್ತಿಲ್ಲ?

ಈಗ ಕಂಪನಿಯವರು, ಹುಡುಗರ ಕೊರಳಿಗೆ ಒಂದೊಂದು ಟ್ಯಾಗ್ ಹಾಕಿ, ಯಾರು ಯಾವ ಟೇಬಲ್ಲಿನಲ್ಲಿ ಎಷ್ಟು ಹೊತ್ತು ನಿಂತರು ಅಂತ ಗೊತ್ತಾಗುತ್ತದೆ, ಆಗ ಟ್ಯಾಬ್ ಬಳಸದೆ ಬೇರೆ ದಾರಿಯೇ ಇರುವುದಿಲ್ಲ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಒಬ್ಬ ಗಿರಾಕಿ ಹೇಳಿದರು, ಮನುಷ್ಯರಿಗೂ ಕಂಪ್ಯೂಟರಿಗೂ ಯಾಕೆ ಹೊಂದುವುದಿಲ್ಲ ಅಂತಲೇ ಓದುವ ಒಂದು ವಿದ್ಯೆ ಇದೆಯಂತೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ. ಇನ್ನೂ ದುಡ್ಡು ಸುರಿಯಬೇಕಾ, ಅಥವಾ ತೆಗೆದು ಬದಿಗಿಡಬೇಕಾ?

---

ಪವಾಯಿ_ಸಂಶೋಧಕಿ

ಅಣ್ಣ, ನಮಸ್ಕಾರ. ನಾನು ಧಾರವಾಡದವಳು, ಪವಾಯಿಯಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆ ವಿದ್ಯೆಗೆ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಅಂತ ಹೆಸರು, ನಾವು ಚಿಕ್ಕದಾಗಿ ಎಚ್‌ಸಿಐ ಅನ್ನುತ್ತೇವೆ. ನೀವು ಗಲ್ಲೆ ಬಿಟ್ಟು ಕಿಟಕಿ ಪಕ್ಕ ನಿಂತು ನೋಡಿದಿರಲ್ಲ, ನಮ್ಮಲ್ಲಿ ಮೊದಲ ವರ್ಷ ಕಲಿಸುವುದು ಅದನ್ನೇ.

ಡಬ್ಬಿಯ ಪ್ರಶ್ನೆ ಮೊದಲು ತಗೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಎಂಬ ಲ್ಯಾಬಿನಲ್ಲಿ ಮಾರ್ಕ್ ವೈಸರ್ ಅಂತ ಒಬ್ಬರಿದ್ದರು. 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಂಪ್ಯೂಟರ್ ಮೇಜಿನ ಮೇಲೆ ಕೂತು "ನನ್ನನ್ನು ನೋಡು" ಅನ್ನಬಾರದು, ಸುತ್ತಲಿನ ವಸ್ತುಗಳಲ್ಲಿ ಸೇರಿಕೊಂಡು ಕಣ್ಣಿಗೆ ಬೀಳದ ಹಾಗೆ ಕೆಲಸ ಮಾಡಬೇಕು ಅನ್ನುವುದು ಅವರ ಮಾತು. ಅದಕ್ಕೆ ಯುಬಿಕ್ವಿಟಸ್ ಕಂಪ್ಯೂಟಿಂಗ್ ಅಂತ ಹೆಸರಿಟ್ಟರು. ಎಲ್ಲೆಲ್ಲೂ ಇರುವ ಕಂಪ್ಯೂಟರ್ ಅಂತ ಅರ್ಥ. ಅವರ ಲ್ಯಾಬಿನಲ್ಲೇ ಅಂಗೈಯಷ್ಟು, ಹಾಳೆಯಷ್ಟು, ಕಪ್ಪುಹಲಗೆಯಷ್ಟು ಅಂತ ಮೂರು ಅಳತೆಯ ಮಷಿನುಗಳನ್ನು ಮಾಡಿ ಬಳಸಿದರು. ನಿಮ್ಮ ಟ್ಯಾಬ್ ಆ ಹಾಳೆಯಷ್ಟರ ಮೊಮ್ಮಗ.

ಆದರೆ ಟ್ಯಾಬ್ ಕೊಂಡ ಮಾತ್ರಕ್ಕೆ ವೈಸರ್ ಹೇಳಿದ್ದು ಆಗುವುದಿಲ್ಲ. ಅದೇ ಲ್ಯಾಬಿನಲ್ಲಿ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಚಾವಣಿಗೆ ಒಂದು ಸಣ್ಣ ಮೋಟರ್ ಕಟ್ಟಿ, ಅದರಿಂದ 8 ಅಡಿಯ ಪ್ಲಾಸ್ಟಿಕ್ ದಾರ ಇಳಿಬಿಟ್ಟರು. ಮೋಟರನ್ನು ಆಫೀಸಿನ ನೆಟ್‌ವರ್ಕ್ ತಂತಿಗೆ ಜೋಡಿಸಿದ್ದರು. ನೆಟ್‌ವರ್ಕಿನಲ್ಲಿ ಓಡಾಟ ಕಡಿಮೆ ಇದ್ದರೆ ದಾರ ಆಗೊಮ್ಮೆ ಈಗೊಮ್ಮೆ ಅಲುಗುತ್ತದೆ. ಜಾಸ್ತಿ ಆದರೆ ಗಿರಗಿರ ತಿರುಗಿ ಸದ್ದು ಮಾಡುತ್ತದೆ. ಯಾರೂ ಅದನ್ನು ನೋಡುತ್ತಾ ಕೂರಬೇಕಿಲ್ಲ. ಕೆಲಸ ಮಾಡುತ್ತಿದ್ದರೂ ಕಿವಿಗೆ, ಕಣ್ಣಿನ ಅಂಚಿಗೆ ಬೀಳುತ್ತದೆ. ವೈಸರ್ ಮತ್ತು ಜಾನ್ ಸೀಲಿ ಬ್ರೌನ್ ಇಂಥದ್ದಕ್ಕೆ "ಕಾಮ್ ಟೆಕ್ನಾಲಜಿ" ಅಂದರು. ಗಲಾಟೆ ಮಾಡದ ತಂತ್ರಜ್ಞಾನ. ನಿಮ್ಮ ಗಲ್ಲೆಯ ಡಬ್ಬಿ ಅದರ ಒಳ್ಳೆಯ ಉದಾಹರಣೆ ಅಂತ ನನ್ನ ಅಭಿಪ್ರಾಯ. ಅದಕ್ಕೆ ನಿಮ್ಮ ಕೈ ಬೇಡ, ಕಣ್ಣು ಬೇಡ. ಕಿವಿ ಹೇಗೂ ಖಾಲಿ ಇತ್ತು. ಟ್ಯಾಬಿಗೆ ಎರಡು ಕೈ, ಎರಡು ಕಣ್ಣು ಎಲ್ಲ ಬೇಕು. ನಿಮ್ಮ ಸಪ್ಲೈಯರ್ ಹತ್ತಿರ ಒಂದೂ ಖಾಲಿ ಇಲ್ಲ.

ಇನ್ನೊಂದು, ಅವರ ಬೆರಳು ಒದ್ದೆ. ಟ್ಯಾಬಿನ ಗಾಜಿನ ಕೆಳಗೆ ವಿದ್ಯುತ್ತಿನ ಒಂದು ಸಣ್ಣ ಜಾಲ ಇರುತ್ತದೆ. ಬೆರಳು ಹತ್ತಿರ ಬಂದರೆ ಅಲ್ಲಿನ ಚಾರ್ಜ್ ಬದಲಾಗುತ್ತದೆ, ಅದನ್ನೇ ಮಷಿನ್ "ಮುಟ್ಟಿದರು" ಅಂತ ತಿಳಿಯುತ್ತದೆ. ನೀರಿನ ಹನಿಯೂ ಚಾರ್ಜ್ ಬದಲಿಸುತ್ತದೆ. ಹಾಗಾಗಿ ಒದ್ದೆ ಕೈಯಲ್ಲಿ ಒಂದು ಒತ್ತಿದರೆ ಇನ್ನೊಂದು ಆಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಇದರಲ್ಲಿ ಹುಡುಗರ ತಪ್ಪು ಏನೂ ಇಲ್ಲ ಅಣ್ಣ.

ನಿಮ್ಮಂಥ ಕಿಚನ್ ಕಿಟಕಿಯನ್ನು ಬಹಳ ಹಿಂದೆಯೇ ಒಬ್ಬರು ಕೂತು ನೋಡಿದ್ದಾರೆ. ವಿಲಿಯಂ ಫೂಟ್ ವೈಟ್ ಅಂತ ಸಮಾಜಶಾಸ್ತ್ರಜ್ಞರು. 1940ರ ದಶಕದಲ್ಲಿ ಚಿಕಾಗೋದ ಹೋಟೆಲುಗಳಲ್ಲಿ ಅಧ್ಯಯನ ಮಾಡಿ 1948ರಲ್ಲಿ ಪುಸ್ತಕ ಬರೆದರು. ಅಲ್ಲಿ ಹೊರಗೆ ಬಡಿಸುವವರು ಹೆಂಗಸರು, ಒಳಗೆ ಕೊಡುವವರು ಗಂಡಸರು. ಹೆಂಗಸರು ಕೂಗಿ ಹೇಳಿದರೆ ಒಳಗಿನವರಿಗೆ ಅಪ್ಪಣೆ ಕೊಟ್ಟ ಹಾಗೆ ಕೇಳಿಸುತ್ತಿತ್ತು, ಜಗಳ ಆಗುತ್ತಿತ್ತು. ಚೀಟಿ ಬರೆದು ಮೊಳೆಗೆ ಚುಚ್ಚುವ ಪದ್ಧತಿ ಇದ್ದಲ್ಲಿ ಜಗಳ ಕಡಿಮೆ. ನಾವು ಬಿಲ್ ಚುಚ್ಚುವ ಮೊಳೆ ಇರುತ್ತದಲ್ಲ, ಅಂಥದ್ದೇ. ಯಾವ ಚೀಟಿ ಮೊದಲು ಅಂತ ಒಳಗಿನವನೇ ನೋಡಿಕೊಂಡು ಕೆಲಸ ಮಾಡಬಹುದಿತ್ತು. ಒಂದು ಮೊಳೆ ಇಬ್ಬರ ಮರ್ಯಾದೆಯನ್ನೂ ಕಾಪಾಡಿತು. ಆರ್ಡರ್ ದಾಟಿಸುವ ದಾರಿ ಬದಲಾದರೆ ಜನರ ನಡುವಿನ ಸಂಬಂಧವೂ ಬದಲಾಗುತ್ತದೆ ಅಂತ ತೋರಿಸಲು ಇದನ್ನು ಹೇಳಿದೆ. ನಿಮ್ಮ ಭಟ್ಟರಿಗೂ ಹಿರಿಯ ಸಪ್ಲೈಯರಿಗೂ ನಡುವೆ ಆ ರಾಗ, ಆ "ಹೂಂ" ಇದೆಯಲ್ಲ, ಟ್ಯಾಬ್ ಅದನ್ನು ಕಿತ್ತುಕೊಳ್ಳುತ್ತಿದೆ. ಆ "ಹೂಂ" ಅಂದರೆ "ಕೇಳಿಸಿತು, ನೀನು ಹೋಗು" ಅಂತ. ಟ್ಯಾಬ್ ಹಾಗೆ ಯಾವಾಗ ಹೇಳುತ್ತದೆ?

ಇನ್ನೂ ದುಡ್ಡು ಹಾಕಬೇಡಿ. ತೆಗೆದು ಬದಿಗಿಡುವುದೂ ಬೇಡ. ನಾಲ್ಕೈದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅದೇ ಜಾಗದಲ್ಲಿ ಕೂತುಕೊಳ್ಳಿ. ಎಲ್ಲಿ ತಪ್ಪಾಗುತ್ತದೆ ಅನ್ನುವುದನ್ನು ಮಾತ್ರ ಬರೆಯಿರಿ.

---

ವಾಶಿ_ಕೇಟರಿಂಗ್

ಇಷ್ಟೆಲ್ಲ ಬೇಡ ಮಾರಾಯ್ರೇ. ನಮ್ಮಲ್ಲೂ ಶುರುವಿನಲ್ಲಿ ಹೀಗೇ ಆಯಿತು. ಒತ್ತದೆ ಆರ್ಡರ್ ಕೊಟ್ಟರೆ 50 ರೂಪಾಯಿ ಕಟ್ ಅಂತ ಹೇಳಿದೆ. ಎರಡು ವಾರದಲ್ಲಿ ಸರಿ ಹೋಯಿತು. ಹೊಸದಕ್ಕೆ ಎಲ್ಲರೂ ಮೊದಲು ಬೇಡ ಅಂತಾರೆ. ಗಟ್ಟಿಯಾಗಿ ನಿಲ್ಲಬೇಕು.

---

ಮುಲುಂಡ್_ಗಲ್ಲೆ

ಅಣ್ಣ, ನಿಮ್ಮ ಅನುಭವ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಕಟ್ ಮಾಡುವುದು ನನ್ನಿಂದ ಆಗುವುದಿಲ್ಲ. ನಾನು ಕ್ಲೀನರ್ ಆಗಿದ್ದಾಗ ಗ್ಲಾಸ್ ಒಡೆದರೆ ಸಂಬಳದಿಂದ ಹಿಡಿಯುತ್ತಿದ್ದರು. ಒಂದು ತಿಂಗಳು ಊರಿಗೆ ಕಳಿಸಲು ಏನೂ ಉಳಿಯಲಿಲ್ಲ. ಅಮ್ಮನಿಗೆ ಬರೆದ ಕಾಗದದಲ್ಲಿ ಹುಷಾರಿರಲಿಲ್ಲ ಅಂತ ಸುಳ್ಳು ಬರೆದೆ. ಗ್ಲಾಸ್ ಒಡೆಯುತ್ತಿದ್ದದ್ದು ಮೋರಿಯ ಕಟ್ಟೆ ಇಳಿಜಾರಾಗಿ ಇದ್ದದ್ದರಿಂದ. ಅದನ್ನು ಯಾರೂ ನೋಡಲಿಲ್ಲ.

ಪವಾಯಿಯ ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಆ "ಹೂಂ" ವಿಷಯ ಸರಿ. ಭಟ್ಟರು "ಹೂಂ" ಅನ್ನದಿದ್ದರೆ ಹುಡುಗರು ಮತ್ತೊಮ್ಮೆ ಹೇಳುತ್ತಾರೆ. ಅದು ನಮ್ಮಲ್ಲಿ ರಸೀದಿ ಇದ್ದ ಹಾಗೆ. ಆದರೆ ನನಗೆ ಲೆಕ್ಕ ಬೇಡವೇ? ಯಾವ ಐಟಂ ಎಷ್ಟು ಹೋಯಿತು ಅಂತ ಗೊತ್ತಾದರೆ ಹಿಟ್ಟು ಎಷ್ಟು ರುಬ್ಬಬೇಕು ಅಂತ ಗೊತ್ತಾಗುತ್ತದೆ. ರಾತ್ರಿ ಹಿಟ್ಟು ಚೆಲ್ಲುವುದು ನೋಡಿದರೆ ಸಂಕಟ ಆಗುತ್ತದೆ. ಟ್ಯಾಬ್ ತಂದದ್ದೇ ಅದಕ್ಕೆ.

---

ಪುಣೆ_ಕೋಡರ್

ನಾನು ಪುಣೆಯಲ್ಲಿ ಇಂಥ ಹೋಟೆಲ್ ಸಾಫ್ಟ್‌ವೇರನ್ನೇ ಮಾಡುವ ಕೆಲಸದಲ್ಲಿದ್ದೇನೆ, ಆರು ವರ್ಷದಿಂದ. ಊರು ಶಿರಸಿ. ನಿಮ್ಮ ಈ ಮಾತಿನಲ್ಲೇ ಉತ್ತರ ಇದೆ ಅಣ್ಣ. ಲೆಕ್ಕ ಬೇಕಾದದ್ದು ನಿಮಗೆ. ಒತ್ತುವ ಕೆಲಸ ಮಾಡಬೇಕಾದದ್ದು ಅವರು.

ಜೊನಾಥನ್ ಗ್ರೂಡಿನ್ ಎಂಬ ಸಂಶೋಧಕರು 1988ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಹಲವರು ಸೇರಿ ಬಳಸುವ ಸಾಫ್ಟ್‌ವೇರ್ ಯಾಕೆ ಸೋಲುತ್ತದೆ ಅನ್ನುವುದು ವಿಷಯ. ಅವರು ಕೊಟ್ಟ ಒಂದು ಉದಾಹರಣೆ ಆಫೀಸಿನ ಕ್ಯಾಲೆಂಡರ್. ಮೀಟಿಂಗ್ ಕರೆಯುವ ಮ್ಯಾನೇಜರಿಗೆ ಅದರಿಂದ ಲಾಭ. ಆದರೆ ಅದು ನಡೆಯಬೇಕಾದರೆ ಉಳಿದವರೆಲ್ಲ ತಮ್ಮ ತಮ್ಮ ಕ್ಯಾಲೆಂಡರ್ ತುಂಬಿಸುತ್ತಾ ಇರಬೇಕು. ಅವರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ತುಂಬಿಸುವುದಿಲ್ಲ. ದುಡಿಯುವವರು ಒಬ್ಬರು, ಲಾಭ ಇನ್ನೊಬ್ಬರಿಗೆ. ಅಲ್ಲಿ ಸಾಫ್ಟ್‌ವೇರ್ ನಿಲ್ಲುವುದಿಲ್ಲ.

ಟೇಬಲ್ ಲೆಕ್ಕದ ವಿಷಯ ಓದಿ ನನಗೆ ನಿಜಕ್ಕೂ ಬೇಜಾರಾಯಿತು, ಯಾಕೆಂದರೆ ನಾವೂ ಹಾಗೇ ಬರೆಯುತ್ತೇವೆ. ಡೇಟಾಬೇಸಿನಲ್ಲಿ ಆರ್ಡರ್ ಅಂದರೆ ಒಂದು ಟೇಬಲ್. ಅದನ್ನೇ ಸ್ಕ್ರೀನಿಗೆ ಹಾಕುವುದು ನಮಗೆ ಸುಲಭ. ಕಾವಲಿಯಲ್ಲಿ ಒಂದು ಸಲಕ್ಕೆ 8 ಹಿಡಿಯುತ್ತದೆ, ಅಡಿಗೆಯವರು ಐಟಂ ಕೂಡಿಸಿಕೊಂಡು ಯೋಚಿಸುತ್ತಾರೆ ಅನ್ನುವುದು ಕಿಚನ್ ಒಳಗೆ ನಿಂತವನಿಗೆ ಮಾತ್ರ ಹೊಳೆಯುತ್ತದೆ. ಆರು ವರ್ಷದಲ್ಲಿ ನಾನು ಒಮ್ಮೆಯೂ ಬೆಳಿಗ್ಗೆ 9 ಗಂಟೆಗೆ ಕಿಚನ್ನಿನಲ್ಲಿ ನಿಂತಿಲ್ಲ. ನಮ್ಮ ಡೆಮೋ ಎಲ್ಲ ಮಧ್ಯಾಹ್ನ 4 ಗಂಟೆಗೆ, ಹೋಟೆಲ್ ಖಾಲಿ ಇದ್ದಾಗ.

ಐಟಂ ಲೆಕ್ಕದಲ್ಲಿ ತೋರಿಸುವ ಸೆಟ್ಟಿಂಗ್ ಎಷ್ಟೋ ಸಾಫ್ಟ್‌ವೇರುಗಳಲ್ಲಿ ಒಳಗೆಲ್ಲೋ ಇರುತ್ತದೆ, ಕಂಪನಿಯವರನ್ನು ಬಿಡದೆ ಕೇಳಿ. "ಜೈನ್" ಅಂತ ಹಾಕಲು ಈಗ ಎಷ್ಟು ಸಲ ಒತ್ತಬೇಕು ಅಂತಲೂ ಎಣಿಸಿ. 1954ರಲ್ಲಿ ಪಾಲ್ ಫಿಟ್ಸ್ ಅನ್ನುವವರು ಅಳೆದು ತೋರಿಸಿದ್ದಾರೆ: ಮುಟ್ಟಬೇಕಾದ ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಕೈ ತಡವಾಗುತ್ತದೆ. ಮುಲುಂಡಿನಲ್ಲಿ ಜೈನ್ ಬಟನ್ ದೊಡ್ಡದಾಗಿ ಮೊದಲ ಪುಟದಲ್ಲೇ ಇರಬೇಕಲ್ವಾ?

ಸದ್ದಿನ ಬಗ್ಗೆಯೂ ಒಂದು ಮಾತು. 1991ರಲ್ಲಿ ಬಿಲ್ ಗೇವರ್ ಮತ್ತು ಜೊತೆಗಾರರು ಕಂಪ್ಯೂಟರಿನಲ್ಲಿ ಒಂದು ಕೋಲಾ ಕಾರ್ಖಾನೆ ಮಾಡಿದರು. ಆರ್ಕೋಲಾ ಅಂತ ಹೆಸರು. ಬಾಟಲಿ ತುಂಬುವುದು, ಮುಚ್ಚಳ ಹಾಕುವುದು, ಎಲ್ಲಕ್ಕೂ ಬೇರೆ ಬೇರೆ ಸದ್ದು. ಇಬ್ಬರು ಸೇರಿ ಅದನ್ನು ನಡೆಸಬೇಕು. ಸದ್ದು ಇದ್ದಾಗ, ತಮ್ಮ ಸ್ಕ್ರೀನಿನಲ್ಲಿ ಕಾಣದ ಮಷಿನ್ ಹೇಗಿದೆ ಅಂತಲೂ ಅವರಿಗೆ ತಿಳಿಯುತ್ತಿತ್ತು. ಬಾಟಲಿ ಒಡೆಯುವ ಸದ್ದು ಬಂದರೆ ಇಬ್ಬರೂ ಒಟ್ಟಿಗೆ ಮಾತಾಡಿ ಸರಿಮಾಡುತ್ತಿದ್ದರು. ನಿಮ್ಮ ಕಿಚನ್ ಈಗಾಗಲೇ ಹೀಗೇ ನಡೆಯುತ್ತಿದೆ. ನಾವು ಬಂದು ಅದನ್ನು ಮೂಕ ಮಾಡಿದೆವು.

---

ಡೊಂಬಿವಲಿ_ರಾತ್ರಿಶಾಲೆ

ನಾನು 9 ವರ್ಷ ಸಪ್ಲೈಯರ್ ಆಗಿದ್ದೆ. ರಾತ್ರಿಶಾಲೆಯಲ್ಲಿ ಓದಿ ಈಗ ಬ್ಯಾಂಕಿನಲ್ಲಿದ್ದೇನೆ. ಹುಡುಗರ ಕಡೆಯ ಮಾತು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಟ್ಯಾಬಿನಲ್ಲಿ ಟೈಮ್ ಬೀಳುತ್ತದೆ. 7ನೇ ಟೇಬಲ್ ಆರ್ಡರ್ 9:12ಕ್ಕೆ, ಬಿಲ್ 9:50ಕ್ಕೆ. ಸಂಜೆ ಧಣಿ ಕೇಳುತ್ತಾರೆ, ಒಂದು ದೋಸೆಗೆ 38 ನಿಮಿಷ ಯಾಕೆ? ಆ ಟೇಬಲ್ಲಿನಲ್ಲಿ ದಿನಾ ಬರುವ ಒಬ್ಬರು ಅಜ್ಜ ಕೂತಿದ್ದರು, ನಿಧಾನ ತಿನ್ನುತ್ತಾರೆ, ಎರಡನೇ ಸಲ ಚಟ್ನಿ ಕೇಳುತ್ತಾರೆ, ಎಬ್ಬಿಸಬಾರದು. ಇದು ಟ್ಯಾಬಿನಲ್ಲಿ ಬರುವುದಿಲ್ಲ. ಕೂಗಿ ಹೇಳಿದ ಆರ್ಡರಿಗೆ ಟೈಮ್ ಇಲ್ಲ. ಹುಡುಗರು ಕಡೆಗೆ ಒಟ್ಟಿಗೆ ಒತ್ತುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಣ್ಣ. ಸೋಮಾರಿತನ ಅಂತ ತಿಳಿಯಬೇಡಿ, ಹೆದರಿಕೆ ಅದು.

ಟ್ಯಾಗ್ ಅಂತೂ ದಯವಿಟ್ಟು ಬೇಡ. ಕೊರಳಿಗೆ ಕಟ್ಟಿದ ದಿನ ನಿಮ್ಮ 22 ವರ್ಷದವನು ಊರಿಗೆ ಹೋಗುತ್ತೇನೆ ಅಂದರೆ ಏನು ಮಾಡುತ್ತೀರಿ? ಆ ರಾಗ ಇನ್ನೊಬ್ಬನಿಗೆ ಬರುವುದಿಲ್ಲ.

---

ಪವಾಯಿ_ಸಂಶೋಧಕಿ

ಡೊಂಬಿವಲಿಯ ಅಣ್ಣ ಹೇಳಿದ್ದು ನಾನು ಬಿಟ್ಟ ಮುಖ್ಯ ಮಾತು.

ಟ್ಯಾಗಿನ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಒಲಿವೆಟ್ಟಿ ಲ್ಯಾಬಿನಲ್ಲಿ ರಾಯ್ ವಾಂಟ್ ಮತ್ತು ಜೊತೆಗಾರರು "ಆಕ್ಟಿವ್ ಬ್ಯಾಡ್ಜ್" ಅಂತ ಮಾಡಿದ್ದರು, 1992ರಲ್ಲಿ ಅದರ ಪ್ರಬಂಧ ಬಂತು. ಅಂಗಿಗೆ ಸಿಕ್ಕಿಸಿಕೊಂಡರೆ 15 ಸೆಕೆಂಡಿಗೊಮ್ಮೆ ಇನ್‌ಫ್ರಾರೆಡ್ ಸಂಕೇತ ಕಳಿಸುತ್ತದೆ, ಯಾರು ಯಾವ ಕೋಣೆಯಲ್ಲಿದ್ದಾರೆ ಅಂತ ತಿಳಿಯುತ್ತದೆ. ಉದ್ದೇಶ ಒಳ್ಳೆಯದೇ, ಫೋನ್ ಬಂದರೆ ಆ ಮನುಷ್ಯ ಇದ್ದಲ್ಲಿಗೆ ಕಳಿಸಲು. ಅಲ್ಲಿ ಹಾಕಿಕೊಂಡವರು ಲ್ಯಾಬಿನವರೇ, ಬೇಡವೆನಿಸಿದರೆ ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ನಿಮ್ಮ ಹುಡುಗರು ತೆಗೆದಿಟ್ಟರೆ ಕೆಲಸ ಉಳಿಯುತ್ತದಾ? ಅದೇ ಟ್ಯಾಗ್, ಆದರೆ ಬೇಡ ಅನ್ನುವ ಹಕ್ಕು ಇಲ್ಲದಿದ್ದರೆ ಅದು ಬೇರೆಯೇ ವಸ್ತು.

ಒಂದು ಪರೀಕ್ಷೆ ಹೇಳುತ್ತೇನೆ, ಖರ್ಚಿಲ್ಲ. ಐಬಿಎಮ್‌ನವರಿಗೆ "ಮಾತು ಕೇಳಿ ಟೈಪ್ ಮಾಡುವ ಮಷಿನ್" ಜನರಿಗೆ ಇಷ್ಟವಾಗುತ್ತದಾ ಅಂತ ನೋಡಬೇಕಿತ್ತು, 1983ರಲ್ಲಿ ಅದರ ಪ್ರಬಂಧ ಬಂತು. ಅಂಥ ಮಷಿನ್ ಆಗ ಇರಲಿಲ್ಲ. ಬೇರೆ ಕೋಣೆಯಲ್ಲಿ ಒಬ್ಬ ಟೈಪಿಸ್ಟನ್ನು ಕೂರಿಸಿ, ಅವರು ಕೇಳಿ ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲಿ ತೋರಿಸಿದರು. ನೀವೂ ಹಾಗೇ ಮಾಡಿ. ಹುಡುಗರಿಂದ ಟ್ಯಾಬ್ ವಾಪಸ್ ತಗೊಳ್ಳಿ. ಕಿಟಕಿ ಪಕ್ಕ ಕೈ ಒದ್ದೆ ಇಲ್ಲದ ಒಬ್ಬರು ಕೂತು, ಕೂಗಿದ್ದನ್ನು ಕೇಳಿ ಒತ್ತಲಿ. ಮರೆಮಾಚುವುದು ಬೇಡ, ಎಲ್ಲರಿಗೂ ಹೇಳಿಯೇ ಮಾಡಿ.

---

ಮುಲುಂಡ್_ಗಲ್ಲೆ

ಎರಡು ವಾರ ಬರೆಯಲಿಲ್ಲ, ಕ್ಷಮಿಸಿ. ಹೇಳಿದ್ದನ್ನು ಮಾಡಿ ನೋಡಿಯೇ ಬರೆಯೋಣ ಅಂತ ಕಾದೆ.

ಮೊದಲು ಹುಡುಗರನ್ನು ರಾತ್ರಿ ಮುಚ್ಚಿದ ಮೇಲೆ ಕೂರಿಸಿ ಚಹಾ ಕುಡಿಯುತ್ತಾ ಕೇಳಿದೆ. ಟೈಮ್ ವಿಷಯ ನಿಜ. ಒಬ್ಬ ಸಣ್ಣ ಹುಡುಗ, ಒಡಿಶಾದವನು, ತಲೆ ತಗ್ಗಿಸಿ ಹೇಳಿದ, "ಸೇಠ್, ಅದರಲ್ಲಿ ನಿಮಿಷ ಕೆಂಪು ಆಗುತ್ತದೆ." ನಾನು ಆ ಕೆಂಪನ್ನು ನೋಡಿಯೇ ಇರಲಿಲ್ಲ. 15 ನಿಮಿಷ ದಾಟಿದರೆ ಟೇಬಲ್ ಕೆಂಪಾಗುವ ಹಾಗೆ ಕಂಪನಿಯವರು ಇಟ್ಟಿದ್ದರು. ಮರುದಿನವೇ ತೆಗೆಸಿದೆ. ಟ್ಯಾಗ್ ಬೇಡ ಅಂತಲೂ ಹೇಳಿ ಕಳಿಸಿದೆ.

ಆಮೇಲೆ ಅಳಿಯನನ್ನು ಕಿಟಕಿ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಕೈಯಲ್ಲಿ ಒಂದು ಟ್ಯಾಬ್. ಹುಡುಗರು ಕೂಗುತ್ತಾರೆ, ಭಟ್ಟರು "ಹೂಂ" ಅನ್ನುತ್ತಾರೆ, ಇವನು ಒತ್ತುತ್ತಾನೆ. ಟೇಬಲ್ ನಂಬರ್ ಮಾತ್ರ ಮೊದಲು ಹೇಳುವುದಕ್ಕೆ ಒಪ್ಪಿದರು. ಮೊದಲ ಎರಡು ದಿನ ಅವನಿಗೆ ರಾಗ ತಿಳಿಯಲಿಲ್ಲ, ಮೂರನೇ ದಿನದಿಂದ ಸರಾಗ. ಲೆಕ್ಕ ಗಲ್ಲೆಗೆ ಸರಿಯಾಗಿ ಬರುತ್ತಿದೆ. ಹಿಟ್ಟು ಎಷ್ಟು ಬೇಕು ಅಂತ ಈಗ ಅಂದಾಜು ಸಿಗುತ್ತಿದೆ. ಸ್ಕ್ರೀನ್ ಬಂದ್ ಮಾಡಿದ್ದೇನೆ.

ಇನ್ನು ನೋಟ್‌ಬುಕ್. ನಾಲ್ಕು ಬೆಳಿಗ್ಗೆ, 8:30ರಿಂದ 10:30, ನಾನೇ ಕೂತು ಬರೆದೆ. ಒಟ್ಟು 13 ತಪ್ಪು ಕಂಡವು. ಕೂಗಿ ಹೇಳಿದ ಆರ್ಡರಿನಲ್ಲಿ ತಪ್ಪಾದದ್ದು 2 ಮಾತ್ರ. ಉಳಿದ 11 ಎಲ್ಲಿ ಗೊತ್ತಾ? ಪಾರ್ಸೆಲ್ ಆ್ಯಪಿನಿಂದ ಬರುವ ಆರ್ಡರಿನಲ್ಲಿ. ಅದು ಗಲ್ಲೆಯ ಫೋನಿಗೆ ಬರುತ್ತದೆ. ನಾನು ಬಿಲ್ ಮಾಡುತ್ತಿರುತ್ತೇನೆ, ನೋಡಿದಾಗ ಒಳಗೆ ಹೋಗಿ ಹೇಳುತ್ತೇನೆ, ಇಲ್ಲವೇ ಮರೆಯುತ್ತೇನೆ. ಹೆಲ್ಮೆಟ್ ಹಾಕಿದ ಹುಡುಗ ಮಳೆಯಲ್ಲಿ ನೆನೆದುಕೊಂಡು ಬಂದು ನಿಂತಾಗ ನೆನಪಾಗುತ್ತದೆ. ಹೀಗೆ ಒಂದು ದಿನ ಜೈನ್ ಪಾರ್ಸೆಲ್ಲಿಗೆ ಮಾಮೂಲಿ ಮಸಾಲಾ ಹೋಯಿತು. ಆ ಮನೆಯವರು ಫೋನ್ ಮಾಡಿ ಬೈಯಲಿಲ್ಲ, ಬಹಳ ಬೇಸರದಿಂದ ಮಾತಾಡಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಅಂದರೆ ನಾಲ್ಕು ಟ್ಯಾಬ್ ತಂದು, ಸರಿಯಾಗಿ ನಡೆಯುತ್ತಿದ್ದ ಜಾಗಕ್ಕೆ ಕೊಟ್ಟೆ. ತಪ್ಪುತ್ತಿದ್ದ ಜಾಗಕ್ಕೆ ಏನೂ ಕೊಡಲಿಲ್ಲ. ಟೇಬಲ್ಲಿನ ಆರ್ಡರಿಗೆ ಹುಡುಗನ ಬಾಯಿ ಇದೆ. ಪಾರ್ಸೆಲ್ ಆರ್ಡರಿಗೆ ಬಾಯಿಯೇ ಇಲ್ಲ.

ಭಟ್ಟರ ಹತ್ತಿರ ಇದನ್ನು ಹೇಳಿದೆ. ಅವರು ಸಟ್ಟುಗ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಗಲ್ಲೆ ಡಬ್ಬಿ ಹಾಗೆ ಅದೂ ಕೂಗಲಿ" ಅಂದರು. ಪುಣೆಯ ತಮ್ಮಾ, ಇದು ಆಗುತ್ತದಾ? ಪಾರ್ಸೆಲ್ ಆರ್ಡರ್ ಬಂದಾಗ ಕಿಟಕಿ ಹತ್ತಿರ ಒಂದು ಸ್ಪೀಕರ್ ಜೋರಾಗಿ ಓದಬೇಕು. ಭಟ್ಟರು "ಹೂಂ" ಅಂತ ಒಂದು ದೊಡ್ಡ ಗುಂಡಿ ಒತ್ತುವವರೆಗೆ ಮತ್ತೆ ಓದಬೇಕು. ಗುಂಡಿ ಗಾಜಿನದ್ದು ಬೇಡ. ಮೊಣಕೈಯಲ್ಲಿ ಒತ್ತುವ ಹಾಗೆ ಇರಲಿ, ಕೈಯಲ್ಲಿ ಹಿಟ್ಟು ಇರುತ್ತದೆ.

---

ಪುಣೆ_ಕೋಡರ್

ಖಂಡಿತ ಆಗುತ್ತದೆ ಅಣ್ಣ. ಒಂದು ಹಳೆ ಫೋನ್, ಒಂದು ಸ್ಪೀಕರ್, ಒಂದು ಗುಂಡಿ ಇದ್ದರೆ ಮೊದಲ ಪ್ರಯೋಗಕ್ಕೆ ಸಾಕು. ಆರ್ಡರನ್ನು ಐಟಂ ಕೂಡಿಸಿ ಓದುವ ಹಾಗೆ ನಾನೇ ಬರೆದು ತರುತ್ತೇನೆ, ದುಡ್ಡು ಬೇಡ. ಈ ಶುಕ್ರವಾರ ರಜೆ ಹಾಕಿ ಬೆಳಿಗ್ಗೆ ಟ್ರೇನಿಗೆ ಬರುತ್ತೇನೆ. ಒಂದೇ ಪ್ರಶ್ನೆ: ಯಾವ ಭಾಷೆಯಲ್ಲಿ ಓದಬೇಕು? ಕನ್ನಡವಾ, ಹಿಂದಿಯಾ?

---

ಮುಲುಂಡ್_ಗಲ್ಲೆ

ಭಟ್ಟರನ್ನು ಕೇಳಿದೆ. ಸಹಾಯಕರಿಗೂ ತಿಳಿಯಬೇಕು, ಹಾಗಾಗಿ ಹಿಂದಿ ಇರಲಿ ಅಂದರು. ಆದರೆ ಜೈನ್ ಅನ್ನುವ ಮಾತು ಎಲ್ಲಕ್ಕಿಂತ ಮೊದಲು ಬರಬೇಕಂತೆ. ಕೊನೆಯಲ್ಲಿ ಬಂದರೆ ಅಷ್ಟು ಹೊತ್ತಿಗೆ ಹಿಟ್ಟು ಕಾವಲಿ ಮೇಲೆ ಬಿದ್ದಿರುತ್ತದೆ.

ಪುಣೆಯಿಂದ ಬೇಗ ಹೊರಡು ತಮ್ಮಾ, 9 ಗಂಟೆಗೆ ಮುಟ್ಟಿದರೆ ನಿಜವಾದ ಗಲಾಟೆ ನೋಡಬಹುದು. ಪವಾಯಿಯ ತಂಗಿ, ಬಿಡುವಿದ್ದರೆ ನೀನೂ ಬಾ. ಇಬ್ಬರೂ ಹಿಂದಿನ ಬಾಗಿಲಿನಿಂದ ಸೀದಾ ಕಿಚನ್ನಿಗೆ ಬನ್ನಿ. ಅಳಿಯನ ಸ್ಟೂಲ್ ಪಕ್ಕ ಇನ್ನೆರಡು ಸ್ಟೂಲ್ ಹಾಕಿಸಿರುತ್ತೇನೆ.